ಕೂಗುವ ಮೊದಲು ಕಿವಿಗೊಡಿ

ಕರ್ನಾಟಕದ ಹ್ಯಾಮ್ ಗೆಳೆಯರೇ, ಹೊಸದಾಗಿ ಪರವಾನಗಿ ಪಡೆದು ಮೊದಲ ಕಾಂಟೆಸ್ಟಿಗೆ ಕಾತರದಿಂದ ಕಾಯುತ್ತಿರುವ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗೆ. ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯ ಬಂತೆಂದರೆ ಶನಿವಾರ ಬೆಳಗ್ಗೆ 5.30ಕ್ಕೆ ಸರಿಯಾಗಿ ಬ್ಯಾಂಡುಗಳೆಲ್ಲ ಒಮ್ಮೆಗೇ ತುಂಬಿ ತುಳುಕುತ್ತವೆ. ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆ ಶುರುವಾಗುವ ಹೊತ್ತು ಅದು. ಅಲ್ಲಿಂದ 48 ಗಂಟೆ ಬಿಡುವಿಲ್ಲ. ನವೆಂಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಅದೇ ಸ್ಪರ್ಧೆ ಮೋರ್ಸ್‌ನಲ್ಲಿ ಮತ್ತೆ ನಡೆಯುತ್ತದೆ. ಹವ್ಯಾಸಿ ರೇಡಿಯೊ ಲೋಕದಲ್ಲಿ ನನಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಈ ಹಬ್ಬದಲ್ಲಿ ನಮ್ಮ ನಡವಳಿಕೆ ಕೆಡುತ್ತಿರುವುದನ್ನು ಕೇಳುತ್ತಾ ಸುಮ್ಮನೆ ಕೂರುವುದು ಇನ್ನು ನನ್ನಿಂದಾಗದು. ನಿಯಮ ಓದದೆ ಮೈಕ್ ಹಿಡಿಯುವವರು ಹೆಚ್ಚುತ್ತಿದ್ದಾರೆ. ಬೇರೆಯವರ ಮಾತಿನ ಮೇಲೆಯೇ ಕೂಗಿ, ಹಾಗೆ ಕೂಗುವುದೇ ಆಟ ಎಂದುಕೊಂಡವರೂ ಇದ್ದಾರೆ. ಇದನ್ನು ಹೊರಗಿನವರು ಯಾರೂ ಬಂದು ಸರಿಮಾಡುವುದಿಲ್ಲ. ನಾವೇ ಮಾಡಬೇಕು.

ಹ್ಯಾಮ್ ಲೋಕಕ್ಕೆ ಹೊರಗಿನವರಿಗಾಗಿ ನಾಲ್ಕು ಮಾತು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಯಾರೇ ಆದರೂ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಸ್ವಂತ ರೇಡಿಯೊ ಕೇಂದ್ರ ನಡೆಸಬಹುದು. ವಿಯು2 ಅಥವಾ ವಿಯು3 ಎಂದು ಶುರುವಾಗುವ ಒಂದು ಕಾಲ್‌ಸೈನ್ ಸಿಗುತ್ತದೆ. ಪ್ರಪಂಚದಲ್ಲಿ ಆ ಕಾಲ್‌ಸೈನ್ ಇನ್ನೊಬ್ಬರಿಗೆ ಇರುವುದಿಲ್ಲ. ಕಾಂಟೆಸ್ಟ್ ಎಂದರೆ ಗೊತ್ತುಮಾಡಿದ ಅವಧಿಯೊಳಗೆ ಆದಷ್ಟು ಹೆಚ್ಚು ಕೇಂದ್ರಗಳನ್ನು, ಆದಷ್ಟು ಹೆಚ್ಚು ದೇಶಗಳನ್ನು ಮಾತಾಡಿಸುವುದು. ಇಬ್ಬರೂ ಪರಸ್ಪರರ ಕಾಲ್‌ಸೈನ್ ಸರಿಯಾಗಿ ಹಿಡಿಯಬೇಕು, ನಿಯಮ ಕೇಳುವ ಒಂದೆರಡು ಸಂಖ್ಯೆಗಳನ್ನು ಕೊಟ್ಟು ಪಡೆಯಬೇಕು, ಲಾಗ್‌ನಲ್ಲಿ ಬರೆಯಬೇಕು. ಪಳಗಿದವರು ಒಂದು ಸಂಪರ್ಕವನ್ನು ಹತ್ತು ಸೆಕೆಂಡಿನೊಳಗೆ ಮುಗಿಸುತ್ತಾರೆ.

ಈ ಆಟದಲ್ಲಿ ಅಂಪೈರ್ ಇಲ್ಲ. ವರ್ಲ್ಡ್ ರೇಡಿಯೊಸ್ಪೋರ್ಟ್ ಟೀಮ್ ಚಾಂಪಿಯನ್‌ಶಿಪ್ ಎಂಬ ಪಂದ್ಯವೊಂದು ಇದಕ್ಕೆ ಹೊರತು. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯಿತು. 2018ರಲ್ಲಿ ಜರ್ಮನಿಯ ವಿಟನ್‌ಬರ್ಗ್ ಸುತ್ತಮುತ್ತ, 2023ರಲ್ಲಿ ಇಟಲಿಯ ಬೊಲೊನ್ಯಾ ಸುತ್ತಮುತ್ತ ನಡೆಯಿತು. ಅಲ್ಲಿ ಜಗತ್ತಿನ ಆಯ್ದ ಜೋಡಿಗಳು ಹೊಲಗದ್ದೆಗಳ ನಡುವಿನ ಡೇರೆಗಳಲ್ಲಿ ಕೂರುತ್ತವೆ. ಎಲ್ಲರಿಗೂ ಒಂದೇ ಬಗೆಯ ಆಂಟೆನಾ, ಒಂದೇ ಮಟ್ಟದ ಪವರ್. ಮಾತಾಡುತ್ತಿರುವವರು ಯಾರೆಂದು ಜಗತ್ತಿಗೆ ಗೊತ್ತಾಗಬಾರದೆಂದು ಆ ದಿನಕ್ಕೆಂದೇ ಹೊಸ ಕಾಲ್‌ಸೈನ್ ಕೊಡುತ್ತಾರೆ. ಪಕ್ಕದಲ್ಲೇ ರೆಫರಿಯೊಬ್ಬರು ಹೆಡ್‌ಫೋನ್ ಹಾಕಿಕೊಂಡು ಪ್ರತಿ ಅಕ್ಷರವನ್ನೂ ಕೇಳುತ್ತಿರುತ್ತಾರೆ. ಮಿಕ್ಕ ಸ್ಪರ್ಧೆಗಳಲ್ಲಿ, ಅಂದರೆ ನೀವೂ ನಾನೂ ಮನೆಯಿಂದ ಭಾಗವಹಿಸುವ ಎಲ್ಲ ಸ್ಪರ್ಧೆಗಳಲ್ಲಿ, ಆ ಕುರ್ಚಿ ಖಾಲಿ. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಮಧ್ಯರಾತ್ರಿ ಒಬ್ಬರೇ ಕೂತಾಗ ಆಂಪ್ಲಿಫೈಯರಿನ ಸ್ವಿಚ್ಚನ್ನು ಎಲ್ಲಿಗೆ ತಿರುಗಿಸಿದಿರಿ, ಲಾಗ್‌ನಲ್ಲಿ ಏನು ತಿದ್ದಿದಿರಿ ಎಂಬುದು ನಿಮಗೆ ಮಾತ್ರ ಗೊತ್ತು. ಈ ಕ್ರೀಡೆ ನಿಂತಿರುವುದೇ ಈ ನಂಬಿಕೆಯ ಮೇಲೆ. ನಂಬಿಕೆ ಹೋದರೆ ಉಳಿಯುವುದು ಬರೀ ಗದ್ದಲ.

ಮೊದಲನೆಯ ಬೇಡಿಕೆ ತೀರ ಸರಳವಾದದ್ದು: ನಿಯಮ ಓದಿ. ಪೂರ್ತಿ ಓದಿ. ಪ್ರತಿ ವರ್ಷವೂ ಓದಿ, ಏಕೆಂದರೆ ಅವು ಬದಲಾಗುತ್ತಿರುತ್ತವೆ. ತಾನೆಲ್ಲಿದ್ದೇನೆ ಎಂದು ತಾನೇ ಕ್ಲಸ್ಟರ್ ಎಂಬ ಇಂಟರ್ನೆಟ್ ಸೂಚನಾಫಲಕದಲ್ಲಿ ಸಾರಿಕೊಳ್ಳುವುದು ಒಂದು ಸ್ಪರ್ಧೆಯಲ್ಲಿ ಸಮ್ಮತ, ಇನ್ನೊಂದರಲ್ಲಿ ಅಪರಾಧ. ಕೊಡಬೇಕಾದ ಸಂಖ್ಯೆಯ ವಿಷಯವನ್ನೇ ತೆಗೆದುಕೊಳ್ಳಿ. ಜುಲೈ ತಿಂಗಳಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಎಚ್‌ಎಫ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಅಲ್ಲಿ ಕೊಡಬೇಕಾದದ್ದು ಐಟಿಯು ವಲಯ. ಬೆಂಗಳೂರಿನಿಂದಲೋ ಬೀದರಿನಿಂದಲೋ ಮಾತಾಡುವವರಿಗೆ ಅದು 41. ಅಕ್ಟೋಬರಿನಲ್ಲಿ ಕೊಡಬೇಕಾದದ್ದು ಸಿಕ್ಯೂ ವಲಯ. ಅದೇ ಮನೆ, ಅದೇ ಆಂಟೆನಾ, ಆದರೆ ಸಂಖ್ಯೆ 22. ಮಾರ್ಚ್‌ನ ಡಬ್ಲ್ಯುಪಿಎಕ್ಸ್‌ನಲ್ಲಿ ವಲಯದ ಮಾತೇ ಇಲ್ಲ. ಒಂದರಿಂದ ಶುರುವಾಗುವ ಕ್ರಮಸಂಖ್ಯೆ ಕೊಡಬೇಕು. ಅಕ್ಟೋಬರಿನ ಸ್ಪರ್ಧೆಯಲ್ಲಿ ನಮ್ಮವರು 41 ಎಂದು ಹೇಳುವುದನ್ನೂ, ಆಚೆಯವರು ದಿಕ್ಕು ತಪ್ಪಿ ಮತ್ತೆ ಮತ್ತೆ ಕೇಳುವುದನ್ನೂ, ಇವರು ಇನ್ನೂ ಜೋರಾಗಿ ಅದೇ 41 ಎಂದು ಕೂಗುವುದನ್ನೂ ಕೇಳಿದ್ದೇನೆ. ಸಿಕ್ಯೂ ವಲಯಗಳಿರುವುದೇ 40! ಆಚೆಯ ಆಪರೇಟರ್‌ಗೆ ಆ ಅರ್ಧ ನಿಮಿಷದಲ್ಲಿ ಮೂರು ಸಂಪರ್ಕ ಆಗುತ್ತಿದ್ದವು. ಅವರು ಸಿಡುಕದೆ ವಂದನೆ ಹೇಳಿ ಮುಂದೆ ಹೋದದ್ದು ಅವರ ದೊಡ್ಡತನ.

ನಮ್ಮ ಮೇಲೆ ಹೆಚ್ಚಿನ ಹೊಣೆ ಬೀಳಲು ಇನ್ನೊಂದು ಕಾರಣವಿದೆ. 22ನೆಯ ವಲಯದಲ್ಲಿ ಇರುವುದು ಭಾರತ, ಶ್ರೀಲಂಕಾ, ನೇಪಾಳ, ಭೂತಾನ್, ಬಾಂಗ್ಲಾದೇಶ, ಮಾಲ್ಡೀವ್ಸ್ ಮುಂತಾದ ಕೆಲವೇ ದೇಶಗಳು. ಪ್ರತಿ ಬ್ಯಾಂಡಿನಲ್ಲೂ ಹೊಸ ವಲಯ, ಹೊಸ ದೇಶ ಸಿಕ್ಕಿದಾಗ ಸ್ಪರ್ಧಿಯ ಗುಣಕ ಏರುತ್ತದೆ, ಒಟ್ಟು ಅಂಕ ಏರುತ್ತದೆ. ಹಾಗಾಗಿ ಯುರೋಪಿನವರಿಗೂ ಅಮೆರಿಕದವರಿಗೂ ವಿಯು ಎಂಬ ಎರಡಕ್ಷರ ಕೇಳಿದರೆ ಕಿವಿ ನಿಮಿರುತ್ತದೆ. ಒಬ್ಬ ಸಾಧಾರಣ ಭಾರತೀಯ ಹ್ಯಾಮ್ 7 ಮೆಗಾಹರ್ಟ್ಸ್‌ಗೆಂದು ಮನೆಯ ಮೇಲೆ ಇಪ್ಪತ್ತು ಮೀಟರ್ ಉದ್ದದ ತಂತಿಯ ಡೈಪೋಲ್ ಕಟ್ಟಿ, ಯಾರಾದರೂ ಉತ್ತರಿಸಿ ಎಂಬ ಸಿಕ್ಯೂ ಕರೆ ಕೊಟ್ಟರೆ, ಅವನನ್ನು ಕರೆಯಲು ಸಾಲು ನಿಲ್ಲುತ್ತದೆ. ಆ ಸಾಲನ್ನು ಅವನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದರಿಂದಲೇ ಸಾವಿರಾರು ಜನ ನಮ್ಮ ದೇಶವನ್ನು ಅಳೆಯುತ್ತಾರೆ. ಇದು ಅನ್ಯಾಯವಿರಬಹುದು, ಆದರೂ ಹಾಗೆಯೇ ನಡೆಯುತ್ತದೆ.

ಇನ್ನು ಕೇಳಿಸಿಕೊಳ್ಳುವ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಮೈಸೂರಿನಲ್ಲಿ ಕೂತು 14 ಮೆಗಾಹರ್ಟ್ಸ್‌ನಲ್ಲಿ ಡಯಲ್ ತಿರುಗಿಸುತ್ತೀರಿ. ಒಂದು ಜಾಗ ನಿಶ್ಶಬ್ದವಾಗಿದೆ. ಖಾಲಿ ಎಂದುಕೊಳ್ಳುತ್ತೀರಿ. ಆದರೆ ಆ ಫ್ರೀಕ್ವೆನ್ಸಿಯ ಅಲೆ ನೆಲದ ಮೇಲೆ ಕೆಲವೇ ಹತ್ತು ಕಿಲೋಮೀಟರ್ ಸಾಗಿ ಸೊರಗುತ್ತದೆ. ಮೇಲಕ್ಕೆ ಹೋದದ್ದು ಅಯಾನುಗೋಳದಿಂದ ಬಾಗಿ ಸಾವಿರ ಕಿಲೋಮೀಟರಿಗೂ ಆಚೆ ಇಳಿಯುತ್ತದೆ. ನಡುವಿನ ಪ್ರದೇಶವನ್ನು ಅದು ಹಾರಿಯೇ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬರು ಅದೇ ಜಾಗದಲ್ಲಿ ಕೂತು ಜರ್ಮನಿಯವರೊಂದಿಗೆ ಮಾತಾಡುತ್ತಿದ್ದರೂ ಅವರ ದನಿ ನಿಮಗೆ ಕೇಳುವುದಿಲ್ಲ. ಆ ಹೊತ್ತಿಗೆ ಜರ್ಮನಿಯವರ ಸರದಿ ಇಲ್ಲದಿದ್ದರೆ ನಿಮಗೆ ಏನೂ ಕೇಳುವುದಿಲ್ಲ. ನಿಮ್ಮ ಕಿವಿಗೆ ಖಾಲಿಯಾದದ್ದು ನಿಜವಾಗಿ ಖಾಲಿಯಲ್ಲ. ಅದಕ್ಕೇ ಹಳಬರು ಹೇಳಿಕೊಟ್ಟದ್ದು: ಕೆಲವು ಸೆಕೆಂಡು ಕೇಳಿ, ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ ಎಂದು ನಿಮ್ಮ ಕಾಲ್‌ಸೈನ್ ಹೇಳಿ ಕೇಳಿ, ತಡೆದು ಮತ್ತೊಮ್ಮೆ ಕೇಳಿ. ಮೋರ್ಸ್‌ನಲ್ಲಾದರೆ ಕ್ಯೂಆರ್‌ಎಲ್ ಎಂಬ ಮೂರಕ್ಷರ, ಜೊತೆಗೊಂದು ಪ್ರಶ್ನಾರ್ಥಕ ಚಿಹ್ನೆ. ಹೌದು ಎಂಬ ಉತ್ತರ ಬಂದರೆ ಮರುಮಾತಿಲ್ಲದೆ ಸರಿದುಬಿಡಿ. ಕೇಳಿದ ಪ್ರಶ್ನೆಗೆ ಉತ್ತರ ಬರುವ ಮೊದಲೇ ಸಿಕ್ಯೂ ಶುರುಮಾಡುವವರು ಇದ್ದಾರಲ್ಲ, ಅವರು ಪ್ರಶ್ನೆ ಕೇಳಿದ್ದೇ ಸುಳ್ಳು.

ಒಂದೇ ಕೇಂದ್ರವನ್ನು ಹಲವರು ಒಟ್ಟಿಗೆ ಕರೆಯುವ ಪೈಲ್‌ಅಪ್‌ನಲ್ಲಿ ನಡೆಯುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಪರೂಪದ ದ್ವೀಪವೊಂದರ ಕೇಂದ್ರ ಕರೆಯುತ್ತಿದೆ ಎನ್ನಿ. ನೂರು ಜನ ಒಟ್ಟಿಗೆ ತಮ್ಮ ಕಾಲ್‌ಸೈನ್ ಹೇಳುತ್ತಾರೆ. ಆ ಆಪರೇಟರಿಗೆ ಗದ್ದಲದ ನಡುವೆ ವಿಯು3 ಎಂಬಷ್ಟು ಕೇಳಿಸುತ್ತದೆ. ವಿಯು3, ಮತ್ತೊಮ್ಮೆ ಎನ್ನುತ್ತಾರೆ. ಈಗ ಬಾಯಿ ತೆರೆಯಬೇಕಾದವರು ವಿಯು3 ಇರುವವರು ಮಾತ್ರ. ಮಿಕ್ಕ ಪ್ರತಿಯೊಬ್ಬರೂ ನಾಲಿಗೆ ಕಚ್ಚಿಕೊಂಡು ಕೂರಬೇಕು, ಎಷ್ಟೇ ಹೊತ್ತಿನಿಂದ ಕಾದಿದ್ದರೂ. ಆದರೆ ಆಗುವುದೇನು? ಇಟಲಿಯವರೊಬ್ಬರು, ರಷ್ಯಾದವರೊಬ್ಬರು, ನಮ್ಮದೇ ವಿಯು2 ಒಬ್ಬರು ಗಂಟಲು ಹರಿಯುವಂತೆ ಕೂಗುತ್ತಲೇ ಇರುತ್ತಾರೆ. ಆ ವಿಯು3 ಹದಿನಾಲ್ಕು ವರ್ಷದ ಹುಡುಗಿ ಇರಬಹುದು. 50 ವಾಟ್, ತಾರಸಿಯ ಮೇಲೊಂದು ತಂತಿ. ತನ್ನನ್ನೇ ಕರೆದರೆಂದು ಉಸಿರು ಬಿಗಿಹಿಡಿದು ಸ್ಪಷ್ಟವಾಗಿ ಹೇಳುತ್ತಾಳೆ. ಆ ದನಿ ಕೂಗಾಟದ ಅಡಿಯಲ್ಲಿ ಹೂತುಹೋಗುತ್ತದೆ. ದ್ವೀಪದವರು ಮೂರು ಸಲ ಪ್ರಯತ್ನಿಸಿ, ಸೋತು, ಕೂಗಿದವರಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಕೂಗಿದವರಿಗೆ ಅದು ಗೆಲುವು. ಹುಡುಗಿ ರೇಡಿಯೊ ಆರಿಸುತ್ತಾಳೆ. ನಾಳೆ ಬರುತ್ತಾಳೋ ಇಲ್ಲವೋ! ಹೊಸಬರು ಬರುತ್ತಿಲ್ಲ, ಹವ್ಯಾಸ ಮುದಿಯಾಗುತ್ತಿದೆ ಎಂದು ನಾವು ಕ್ಲಬ್ಬಿನ ಸಭೆಗಳಲ್ಲಿ ಕೊರಗುತ್ತೇವೆ. ಬಂದವರನ್ನು ಓಡಿಸುತ್ತಿರುವವರು ಯಾರು?

ಹಾಗೆಯೇ, ಕರೆಯುವಾಗ ಪೂರ್ತಿ ಕಾಲ್‌ಸೈನ್ ಒಂದೇ ಸಲ ಹೇಳಿ. ಕೊನೆಯ ಎರಡಕ್ಷರ ಮಾತ್ರ ಹೇಳುವ ಚಾಳಿ ಬಿಡಿ. ಅದರಿಂದ ಸಮಯ ಉಳಿಯುವುದಿಲ್ಲ, ಇನ್ನೊಂದು ಸುತ್ತು ಪ್ರಶ್ನೋತ್ತರವೇ ಆಗುತ್ತದೆ. ಎಲ್ಲರಿಗೂ ತಿಳಿದ ಆಲ್ಫಾ, ಬ್ರಾವೊ, ಚಾರ್ಲಿಯನ್ನೇ ಬಳಸಿ. ಜಪಾನಿನ, ಉಕ್ರೇನಿನ, ಬ್ರೆಜಿಲ್‌ನ ಎಷ್ಟೋ ಆಪರೇಟರುಗಳಿಗೆ ಇಂಗ್ಲಿಷ್ ಗೊತ್ತಿರುವುದು ಈ ಇಪ್ಪತ್ತಾರು ಪದ ಮತ್ತು ಹತ್ತು ಅಂಕಿಗಳಷ್ಟೇ. ನಿಮ್ಮ ಹೆಸರು, ಊರು, ಹವಾಮಾನ, ಆಂಟೆನಾದ ಎತ್ತರ ಎಲ್ಲವನ್ನೂ ಅವರಿಗೆ ಹೇಳುವ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೆ ವರ್ಷದ ಉಳಿದ ದಿನಗಳಿವೆ. ಎಲ್ಲರಿಗೂ 59 ಎಂಬ ಒಂದೇ ಸಿಗ್ನಲ್ ವರದಿ ಕೊಡುವ ಕಾಂಟೆಸ್ಟಿನ ಪದ್ಧತಿ ನನಗೂ ಹಿಡಿಸುವುದಿಲ್ಲ, ಆದರೆ ಸ್ಪರ್ಧೆಯ ನಡುವೆ ಅದರ ವಿರುದ್ಧ ಸತ್ಯಾಗ್ರಹ ಹೂಡಿ ಇನ್ನೊಬ್ಬರ ಹೊತ್ತು ಕಳೆಯುವುದು ತರವಲ್ಲ. ಇನ್ನು ನೀವೇ ಸಾಲು ನಡೆಸುತ್ತಿದ್ದರೆ, ಸಂಪರ್ಕ ಮುಗಿದೊಡನೆ ನಿಮ್ಮ ಕಾಲ್‌ಸೈನ್ ಹೇಳಿ. ಬರೀ ಕ್ಯೂಆರ್‌ಝಡ್ (ಯಾರು ಕರೆಯುತ್ತಿದ್ದೀರಿ?) ಎನ್ನುತ್ತಾ ಹೋದರೆ ಕಾಯುವವರಿಗೆ ತಾವು ಯಾರಿಗಾಗಿ ಕಾಯುತ್ತಿದ್ದೇವೆ ಎಂಬುದೇ ತಿಳಿಯದು. ಕಾಲ್‌ಸೈನ್ ಹೇಳದೆ ಮಾತಾಡುವುದು ಪರವಾನಗಿಯ ಷರತ್ತಿಗೂ ವಿರುದ್ಧ.

ನಮ್ಮೂರುಗಳಿಗೇ ಸೇರಿದ ಒಂದು ಕೆಟ್ಟ ರೂಢಿಯನ್ನು ಹೆಸರಿಸಲೇಬೇಕು. ಸ್ಪರ್ಧೆ ನಡೆಯುತ್ತಿರುವಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಾನು ಇಂಥ ಫ್ರೀಕ್ವೆನ್ಸಿಯಲ್ಲಿದ್ದೇನೆ, ಎಲ್ಲರೂ ಬಂದು ನನಗೆ ಸಂಪರ್ಕ ಕೊಡಿ ಎಂದು ಬರೆಯುವುದು. ಫೋನ್ ಮಾಡಿ, ನನ್ನ ಕಾಲ್‌ಸೈನ್ ಸರಿಯಾಗಿ ಬರೆದುಕೊಂಡೆಯಾ ಎಂದು ವಿಚಾರಿಸುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಸ್ನೇಹಿತನಿಗೆ ನಾಲ್ಕು ಅಂಕ ಬರಲಿ ಎಂಬ ಆಸೆ. ಆದರೆ ಸಿಕ್ಯೂ ವರ್ಲ್ಡ್‌ವೈಡ್ ನಿಯಮ ಇದನ್ನು ಸ್ಪಷ್ಟವಾಗಿ ಕಟ್ಟಿಹಾಕಿದೆ: ಸಂಪರ್ಕ ಬೇಡುವುದು, ಕರೆಗೆ ಓಗೊಡುವುದು, ಕಾಲ್‌ಸೈನ್ ಮತ್ತು ಸಂಖ್ಯೆ ಹಿಡಿಯುವುದು, ಎಲ್ಲವೂ ಸ್ಪರ್ಧೆಯ ಅವಧಿಯಲ್ಲಿ, ಸ್ಪರ್ಧೆಯ ಬ್ಯಾಂಡಿನಲ್ಲಿ, ಸ್ಪರ್ಧೆಯ ವಿಧಾನದಲ್ಲೇ ಆಗಬೇಕು. ಇನ್ನೊಂದು ವಿಚಿತ್ರವೆಂದರೆ, ಒಂದೇ ದೇಶದ ಇಬ್ಬರು ಮಾತಾಡಿದರೆ ಅಲ್ಲಿ ಅಂಕ ಸೊನ್ನೆ. ಆ ಬ್ಯಾಂಡಿನಲ್ಲಿ ಮೊದಲ ಸಲವಾದರೆ ಗುಣಕಕ್ಕೆ ಮಾತ್ರ ಲೆಕ್ಕ. ನಿಯಮ ಓದಿದ್ದರೆ, ಬೆಂಗಳೂರಿನ ಗೆಳೆಯನನ್ನು ಹತ್ತು ಜನ ಸಾಲಾಗಿ ಕರೆದು ಅವನ ಯುರೋಪಿನ ಸಾಲನ್ನು ಮುರಿಯುವ ಉಪಕಾರ ಯಾರೂ ಮಾಡುತ್ತಿರಲಿಲ್ಲ.

ಪವರ್ ವಿಷಯಕ್ಕೆ ಬರೋಣ. ಆ ಸ್ಪರ್ಧೆಯ ಹೈ ಪವರ್ ವರ್ಗದಲ್ಲಿ 1500 ವಾಟ್‌ವರೆಗೆ ಅವಕಾಶ ಎಂದು ಬರೆದಿರುತ್ತದೆ. ಅದನ್ನು ತೋರಿಸಿ, ನೋಡಿ ನಿಯಮದಲ್ಲೇ ಇದೆ ಎನ್ನುವವರಿದ್ದಾರೆ. ನಮ್ಮ ಪರವಾನಗಿಯ ಮಿತಿ ಸಾಮಾನ್ಯ ದರ್ಜೆಗೆ 400 ವಾಟ್, ನಿರ್ಬಂಧಿತ ದರ್ಜೆಗೆ 50. ಸ್ಪರ್ಧೆಯ ನಿಯಮ ದೇಶದ ಕಾನೂನನ್ನು ಮೀರುವುದಿಲ್ಲ. ಲೋ ಪವರ್ ಎಂದರೆ 100 ವಾಟ್, ಕ್ಯೂಆರ್‌ಪಿ ಎಂದರೆ 5 ವಾಟ್. 400 ವಾಟ್ ಸುರಿದು ಲೋ ಪವರ್ ವರ್ಗದ ಪ್ರಶಸ್ತಿ ಪತ್ರವನ್ನು ಗೋಡೆಗೆ ತೂಗುಹಾಕಿಕೊಳ್ಳುವವನು ನಿಜವಾಗಿ 100 ವಾಟ್‌ನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟ ಇನ್ನೊಬ್ಬನ ಪತ್ರವನ್ನು ಕದ್ದಿದ್ದಾನೆ. ನಾನು ಈ ಮಾತನ್ನು ಮೆತ್ತಗೆ ಹೇಳಲಾರೆ.

ಪವರ್‌ಗಿಂತಲೂ ಹೆಚ್ಚು ಹಾನಿ ಮಾಡುವುದು ಕೊಳಕು ಸಿಗ್ನಲ್. ಮೈಕ್ ಗೇನ್ ತುದಿಗೆ ತಿರುಗಿಸಿ, ಪ್ರೊಸೆಸರ್ ಹಾಕಿ, ಎಎಲ್‌ಸಿ ಮುಳ್ಳು ಗೆರೆ ದಾಟಿ ಬಡಿದಾಡುತ್ತಿದ್ದರೂ ಲೆಕ್ಕಿಸದೆ ಅರಚಿದರೆ, ಸುಮಾರು 3 ಕಿಲೋಹರ್ಟ್ಸ್ ಜಾಗದಲ್ಲಿ ಮುಗಿಯಬೇಕಾದ ದನಿ ಅದರ ಹಲವು ಪಟ್ಟು ಜಾಗಕ್ಕೆ ಚೆಲ್ಲುತ್ತದೆ. ಅಕ್ಕಪಕ್ಕದಲ್ಲಿ ಕೂತವರ ದುರ್ಬಲ ಸಂಪರ್ಕಗಳೆಲ್ಲ ಅದರಲ್ಲಿ ಮುಳುಗುತ್ತವೆ. ಸ್ಪರ್ಧೆಗೆ ಮುಂಚೆಯೇ ಹತ್ತು ಕಿಲೋಮೀಟರ್ ದೂರದ ಒಬ್ಬ ಗೆಳೆಯನಿಗೆ, ನನ್ನ ಸಿಗ್ನಲ್ ಎಷ್ಟು ಅಗಲವಿದೆ ನೋಡಿ ಹೇಳು ಎಂದು ಕೇಳಿಕೊಳ್ಳಿ. ಬ್ಯಾಂಡಿನ ಅಂಚುಗಳನ್ನೂ ಮರೆಯಬೇಡಿ. 14 ಮೆಗಾಹರ್ಟ್ಸ್‌ನಲ್ಲಿ ನಾವು ಮೇಲಿನ ಸೈಡ್‌ಬ್ಯಾಂಡ್ ಬಳಸುತ್ತೇವೆ, ಡಯಲ್ 14.349 ತೋರಿಸುತ್ತಿದ್ದರೆ ನಿಮ್ಮ ಮಾತು 14.350ರ ಗಡಿ ದಾಟಿ ಆಚೆ ಹೋಗಿರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದವರು 7.200ರ ಮೇಲೆ ಕೂಗುತ್ತಿರುವುದು ಎಷ್ಟೇ ಚೆನ್ನಾಗಿ ಕೇಳಿಸಿದರೂ ಅಲ್ಲಿಗೆ ಹೋಗಿ ಉತ್ತರಿಸುವ ಹಕ್ಕು ನಮಗಿಲ್ಲ. ನಮ್ಮ ಬ್ಯಾಂಡ್ 7.200ಕ್ಕೆ ಮುಗಿಯುತ್ತದೆ.

ಒಬ್ಬ ಅತಿಯಾಗಿ ಕೂಗಿದರೆ ಮಿಕ್ಕವರಿಗೆ ನಷ್ಟ ಎಂಬ ಪಾಠವನ್ನು ಬೆಂಗಳೂರಿನಲ್ಲೇ ಕಟ್ಟಿದ ಹ್ಯಾಮ್‌ಸ್ಯಾಟ್ ಉಪಗ್ರಹ ನಮಗೆ ಹೇಳಿಕೊಟ್ಟಿತ್ತು. ಇಸ್ರೊ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆಗೆ ಅದನ್ನು ಹಾರಿಸಿತು. 42.5 ಕಿಲೋ ತೂಕ. 2014ರವರೆಗೆ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಬಿಟ್ಟಿಯಾಗಿ ದುಡಿಯಿತು. ಅದರೊಳಗಿದ್ದಂಥ ಟ್ರಾನ್ಸ್‌ಪಾಂಡರ್ ತನಗೆ ಬಂದ ಎಲ್ಲ ದನಿಗಳನ್ನೂ ಒಟ್ಟಿಗೆ ಮರುಪ್ರಸಾರ ಮಾಡುತ್ತದೆ. ಇರುವ ಅಷ್ಟಿಷ್ಟು ಶಕ್ತಿಯನ್ನು ಅವುಗಳ ನಡುವೆ ಹಂಚುತ್ತದೆ. ನೆಲದಿಂದ ಒಬ್ಬ ಅತಿಯಾದ ಪವರ್‌ನಲ್ಲಿ ಕೂಗಿದರೆ ಶಕ್ತಿಯೆಲ್ಲ ಅವನ ಪಾಲಾಗಿ ಮಿಕ್ಕವರ ದನಿ ಕುಗ್ಗುತ್ತದೆ. ಅಯಾನುಗೋಳದಲ್ಲಿ ಅದು ಹಾಗೆ ಕಣ್ಣಿಗೆ ಕಾಣುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಎಚ್‌ಎಫ್ ಬ್ಯಾಂಡಿನಲ್ಲೂ ಒಬ್ಬ ಹೆಚ್ಚು ತೆಗೆದುಕೊಂಡದ್ದು ಇನ್ನೊಬ್ಬನ ಪಾಲಿನದೇ.

ಸ್ಪರ್ಧೆಯಲ್ಲಿ ಇಲ್ಲದವರೂ ಈ ಬ್ಯಾಂಡಿನ ಹಕ್ಕುದಾರರು. 14.100 ಮೆಗಾಹರ್ಟ್ಸ್‌ಗೆ ಡಯಲ್ ತಿರುಗಿಸಿ ಮೂರು ನಿಮಿಷ ಸುಮ್ಮನೆ ಕೇಳಿ ನೋಡಿ. ಲೋಕದ ಬೇರೆ ಬೇರೆ ಮೂಲೆಗಳ 18 ಬೀಕನ್‌ಗಳು ಸರದಿಯಂತೆ ಹತ್ತು ಹತ್ತು ಸೆಕೆಂಡು ಮೋರ್ಸ್‌ನಲ್ಲಿ ತಮ್ಮ ಕಾಲ್‌ಸೈನ್ ಹೇಳುತ್ತವೆ. ನಮಗೆ ಹತ್ತಿರದ್ದು ಶ್ರೀಲಂಕಾದಲ್ಲಿದೆ. ಕಾಲ್‌ಸೈನ್ ಆದ ಮೇಲೆ ನಾಲ್ಕು ದೀರ್ಘ ಸ್ವರಗಳು: ಮೊದಲನೆಯದು 100 ವಾಟ್, ಎರಡನೆಯದು 10, ಮೂರನೆಯದು 1, ಕೊನೆಯದು ವಾಟ್‌ನ ಹತ್ತನೆಯ ಒಂದು ಭಾಗ. ಸಮುದ್ರ ದಾಟಿ ಬರುವ ಆ ಕೊನೆಯ ಸ್ವರ ಕೇಳಿಸಿದ ದಿನ ಮೈ ಜುಮ್ಮೆನ್ನುತ್ತದೆ. ಯಾವ ದಿಕ್ಕಿಗೆ ಬ್ಯಾಂಡ್ ತೆರೆದಿದೆ ಎಂದು ಅಧ್ಯಯನ ಮಾಡುವವರಿಗೆ ಅದೇ ಕನ್ನಡಿ. ಕಾಂಟೆಸ್ಟ್ ದಿನಗಳಲ್ಲಿ ಆ ಜಾಗದ ಮೇಲೇ ಕೂತು ಸಿಕ್ಯೂ ಕೂಗುವವರಿಗೆ ತಾವು ಏನನ್ನು ಅಳಿಸುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ. ಹಾಗೆಯೇ ಏಷ್ಯಾ ಪೆಸಿಫಿಕ್ ವಲಯದಲ್ಲಿ ವಿಪತ್ತಿನ ಸಂಪರ್ಕಕ್ಕೆಂದು ಗುರುತಿಸಿದ 7.110, 14.300ರಂಥ ಜಾಗಗಳಿಂದ ದೂರವಿರಿ. ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ನಮ್ಮ ಹಿರಿಯರು ಕೂಡಿ ಮಾತಾಡುವ ನೆಟ್‌ಗಳು ನಡೆಯುತ್ತವೆ. ಎಷ್ಟೋ ಜನ ಒಂಟಿ ವೃದ್ಧರಿಗೆ ದಿನದಲ್ಲಿ ಇನ್ನೊಬ್ಬರ ದನಿ ಕೇಳುವ ಹೊತ್ತು ಅದೊಂದೇ. ಐದು ಕಿಲೋಹರ್ಟ್ಸ್ ಸರಿದು ಕೂತರೆ ನಿಮ್ಮ ಅಂಕ ಕಡಿಮೆಯಾಗದು.

ಕಾಂಟೆಸ್ಟ್ ಒಲ್ಲದ ಗೆಳೆಯರಿಗೂ ಒಂದು ಮಾತು, ಏಕೆಂದರೆ ತಪ್ಪು ಒಂದೇ ಕಡೆಯಲ್ಲಿಲ್ಲ. ನಿಮಗಾಗಿಯೇ 10, 18 ಮತ್ತು 24 ಮೆಗಾಹರ್ಟ್ಸ್ ಬ್ಯಾಂಡುಗಳನ್ನು ಸ್ಪರ್ಧೆಗಳು ಮುಟ್ಟುವುದಿಲ್ಲ. ಇದು ಜಗತ್ತಿನೆಲ್ಲೆಡೆ ಬಹುಕಾಲದಿಂದ ನಡೆದುಬಂದ ಒಪ್ಪಂದ. ಆ ವಾರಾಂತ್ಯ ಅಲ್ಲಿಗೆ ಹೋಗಿ, ನೆಮ್ಮದಿಯಾಗಿ ಮಾತಾಡಿ. ಸ್ಪರ್ಧಿಗಳ ಮೇಲೆ ಬೇಕೆಂದೇ ಶಿಳ್ಳೆ ಹಾಕುವುದು, ಟ್ಯೂನ್ ಮಾಡುವ ನೆಪದಲ್ಲಿ ಕ್ಯಾರಿಯರ್ ಹಿಡಿದು ಕೂರುವುದು, ಕಾಲ್‌ಸೈನ್ ಮುಚ್ಚಿಟ್ಟು ಬೈಯುವುದು ಯಾವ ಸಿಟ್ಟಿಗೂ ತಕ್ಕ ಉತ್ತರವಲ್ಲ. ತಪ್ಪು ಮಾಡಿದವನನ್ನು ತಿದ್ದಲು ಹತ್ತು ಜನ ಪೊಲೀಸರಂತೆ ಒಟ್ಟಿಗೆ ಗದರುವುದೂ ಅದೇ ಸಾಲಿನದು. ಮೂಲ ತಪ್ಪಿಗಿಂತ ಆ ಗದರಿಕೆಯೇ ಹೆಚ್ಚು ಜಾಗ ತಿನ್ನುತ್ತದೆ.

ಲಾಗ್ ವಿಷಯದಲ್ಲಿ ನಮ್ಮ ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ನಾನು ಇದನ್ನು ಒತ್ತಿ ಹೇಳಬೇಕು. ಒಬ್ಬರು ಎರಡನೆಯ ಸಲ ಕರೆದರೆ, ಆಗಲೇ ಮಾತಾಡಿದ್ದೇವಲ್ಲ ಎಂದು ವಾದಕ್ಕಿಳಿಯಬೇಡಿ. ಅವರ ಲಾಗ್‌ನಲ್ಲಿ ನೀವು ಇಲ್ಲದಿರಬಹುದು. ಮೊದಲ ಸಲ ನಿಮ್ಮ ಕಾಲ್‌ಸೈನ್ ಅವರಿಗೆ ತಪ್ಪಾಗಿ ಕೇಳಿರಬಹುದು. ಮತ್ತೆ ಸಂಖ್ಯೆ ಕೊಟ್ಟು ಕಳಿಸಿ, ಮೂರು ಸೆಕೆಂಡಿನ ಕೆಲಸ. ಸ್ಪರ್ಧೆ ಮುಗಿದ ಮೇಲೆ ಮರುಕಳಿಸಿದ ಸಂಪರ್ಕಗಳನ್ನು ಲಾಗ್‌ನಿಂದ ಅಳಿಸಲೂ ಬೇಡಿ. ಅವುಗಳಿಗೆ ದಂಡವಿಲ್ಲ. ಅಳಿಸಿದರೆ ಆಚೆಯವರ ಲಾಗ್‌ನಲ್ಲಿ ನೀವಿದ್ದು ನಿಮ್ಮ ಲಾಗ್‌ನಲ್ಲಿ ಅವರಿಲ್ಲದಂತಾದೀತು. ಆಗ ಅವರ ಸಂಪರ್ಕ ರದ್ದಾಗುವುದಲ್ಲದೆ ಮೇಲೆ ದಂಡವೂ ಬೀಳುತ್ತದೆ. ನಿಮ್ಮ ಅಚ್ಚುಕಟ್ಟುತನಕ್ಕೆ ತೆರ ತೆತ್ತವರು ಅವರು.

ಸ್ಪರ್ಧೆಯ ನಂತರ ಕಾಲ್‌ಸೈನ್‌ಗಳನ್ನು ಡೇಟಾಬೇಸ್‌ನಲ್ಲಿ ಹುಡುಕಿ ತಿದ್ದುವುದು, ಧ್ವನಿಮುದ್ರಣ ಮತ್ತೆ ಕೇಳಿ ಸರಿಪಡಿಸುವುದು, ಇಮೇಲ್ ಬರೆದು ಖಚಿತಪಡಿಸಿಕೊಳ್ಳುವುದು ನಿಷಿದ್ಧ. ಬ್ಯಾಂಡ್ ಬದಲಾಯಿಸುವ ನಿಯಮ ಮುರಿದದ್ದನ್ನು ಮುಚ್ಚಲು ಸಂಪರ್ಕದ ಸಮಯವನ್ನೇ ಹಿಂದೆ ಮುಂದೆ ಎಳೆಯುವುದು ಅದಕ್ಕಿಂತ ದೊಡ್ಡ ಮೋಸ. ಸಿಕ್ಕಿಬೀಳುವುದಿಲ್ಲ ಎಂದುಕೊಳ್ಳುವವರಿಗೆ ಹೇಳುತ್ತೇನೆ: ಬಂದ ಲಾಗ್‌ಗಳನ್ನೆಲ್ಲ ಕಂಪ್ಯೂಟರ್ ಸಾಲು ಸಾಲಾಗಿ ಒಂದರೊಡನೊಂದು ತಾಳೆ ನೋಡುತ್ತದೆ. ಸಮಿತಿಯ ಬಳಿ ಬ್ಯಾಂಡುಗಳ ಧ್ವನಿಮುದ್ರಣವೇ ಇರುತ್ತದೆ. ಮೇಲಿನ ಸ್ಥಾನಗಳಿಗೆ ಸೆಣಸುವವರಿಂದ ಅವರದೇ ಮುದ್ರಣ ಕೇಳುವ ಅಧಿಕಾರವೂ ಅದಕ್ಕಿದೆ. ಲಾಗ್‌ಗಳು ಎಲ್ಲರೂ ನೋಡುವಂತೆ ಪ್ರಕಟವಾಗುತ್ತವೆ. ಆದರೆ ಸಿಕ್ಕಿಬೀಳುವ ಭಯದಿಂದ ನೇರವಾಗಿರಿ ಎಂದು ಬೇಡುವುದು ನನಗೆ ಇಷ್ಟವಿಲ್ಲ. 1928ರಲ್ಲಿ ಅಮೆರಿಕದ ಪಾಲ್ ಸೀಗಲ್ ಹ್ಯಾಮ್‌ಗಳಿಗೆಂದು ಒಂದು ನೀತಿಸಂಹಿತೆ ಬರೆದರು. ಅದರ ಮೊದಲ ಅಂಶವೇ ತನ್ನಿಂದ ಇನ್ನೊಬ್ಬರ ಸಂತೋಷ ಕುಗ್ಗದಂತೆ ನೋಡಿಕೊಳ್ಳುವುದರ ಬಗ್ಗೆ. ಸೀಗಲ್ ವಕೀಲರಾಗಿದ್ದರು, ಕಾಯ್ದೆ ಕಟ್ಟಳೆಗಳ ನಡುವೆಯೇ ಬದುಕಿದವರು. ಆದರೂ ಶಿಕ್ಷೆಯ ಮಾತಿನಿಂದ ಶುರುಮಾಡಲಿಲ್ಲ.

ಇಷ್ಟೆಲ್ಲ ಒಂದು ಆಟಕ್ಕಾಗಿಯೇ ಎಂದು ಕೇಳುವವರಿಗೆ 2004ರ ಡಿಸೆಂಬರ್ ನೆನಪಿಸುತ್ತೇನೆ. ಹ್ಯಾಮ್ ಭಾರತಿ ಪ್ರಸಾದ್ ಮತ್ತು ಜೊತೆಗಾರರು ಪೋರ್ಟ್ ಬ್ಲೇರ್‌ನಲ್ಲಿ ರೇಡಿಯೊ ಕೇಂದ್ರ ತೆರೆದಿದ್ದರು. ಹ್ಯಾಮ್ ಲೋಕದಲ್ಲಿ ಅಂಡಮಾನ್ ಎಂದರೆ ಅಪರೂಪದಲ್ಲಿ ಅಪರೂಪ. ಇಡೀ ಪ್ರಪಂಚ ಅವರಿಗಾಗಿ ಪೈಲ್‌ಅಪ್‌ನಲ್ಲಿ ಮುಗಿಬಿದ್ದಿತ್ತು. ಡಿಸೆಂಬರ್ 26ರ ಬೆಳಗ್ಗೆ ನೆಲ ನಡುಗಿತು, ಸುನಾಮಿ ಬಂತು, ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಹವ್ಯಾಸಕ್ಕಾಗಿ ಹೂಡಿದ್ದ ಅದೇ ರೇಡಿಯೊಗಳು, ಅವೇ ಆಂಟೆನಾಗಳು ಆ ಕ್ಷಣದಿಂದ ಬದುಕುಳಿದವರ ಸುದ್ದಿ ಮುಟ್ಟಿಸಲು ತಿರುಗಿದವು. ಗದ್ದಲದಲ್ಲಿ ಒಂದು ಹೆಸರನ್ನು ತಪ್ಪಿಲ್ಲದೆ ಹಿಡಿಯುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿರುವುದು, ಕರೆದವರಷ್ಟೇ ಉತ್ತರಿಸುವುದು, ಹೇಳಿದ್ದನ್ನು ಹೇಳಿದಂತೆ ಬರೆಯುವುದು. ಅಂಥ ಹೊತ್ತಿನಲ್ಲಿ ಬೇಕಾಗುವುದು ಇದೇ. ಕಾಂಟೆಸ್ಟಿನ 48 ಗಂಟೆ ನಮಗೆ ಕಲಿಸಬೇಕಾದದ್ದೂ ಇದನ್ನೇ. ಅಲ್ಲಿ ಕೂಗಾಡುವುದನ್ನು ರೂಢಿಸಿಕೊಂಡ ನಾಲಿಗೆ ವಿಪತ್ತಿನ ದಿನ ತಾನಾಗಿ ತಣ್ಣಗಾಗುತ್ತದೆಯೇ? ನನಗೆ ನಂಬಿಕೆಯಿಲ್ಲ.

ಆದ್ದರಿಂದ ಹಿರಿಯರಲ್ಲಿ, ಕ್ಲಬ್ಬುಗಳಲ್ಲಿ ಕೇಳಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ 1959ರಿಂದ ಹ್ಯಾಮ್ ಕ್ಲಬ್ ಇದೆ. ಈ ಊರಿಗೆ ಅನುಭವದ ಕೊರತೆಯಿಲ್ಲ, ಹೇಳಿಕೊಡುವ ಮನಸ್ಸಿನದೇ ಕೊರತೆ. ಸ್ಪರ್ಧೆಗೆ ಹಿಂದಿನ ವಾರ ಒಂದು ಸಂಜೆ ಎಲ್ಲರನ್ನೂ ಕೂರಿಸಿ ಆ ವರ್ಷದ ನಿಯಮಗಳನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ವಿವರಿಸಿ. ಪರೀಕ್ಷೆ ಪಾಸಾದ ಮಕ್ಕಳಿಗೆ ರೇಡಿಯೊ ಕೊಂಡುಕೊಳ್ಳುವ ಸಲಹೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ನಿಮ್ಮ ಕೇಂದ್ರಕ್ಕೆ ಕರೆದು, ಎರಡನೆಯ ಹೆಡ್‌ಫೋನ್ ಕೊಟ್ಟು, ಮೊದಲ ಒಂದು ಗಂಟೆ ಬರೀ ಕೇಳಿಸಿ. ಆಮೇಲೆ ಮೈಕ್ ಕೊಡಿ. ಪೈಲ್‌ಅಪ್‌ನಲ್ಲಿ ಮೆಲುದನಿಯೊಂದು ಕೇಳಿಸಿದರೆ, ಅದು ಪೂರ್ತಿ ಲಾಗ್‌ಗೆ ಬರುವವರೆಗೂ ಮಿಕ್ಕವರನ್ನು ಕಾಯಿಸಿ. ಕಾಯದೆ ಕೂಗುವವರನ್ನು ತೆಗೆದುಕೊಳ್ಳಬೇಡಿ. ಕೂಗಿದವರಿಗೆ ಫಲ ಸಿಗದಿದ್ದರೆ ಕೂಗು ನಿಲ್ಲುತ್ತದೆ.

ಮತ್ತೆ, ಲಾಗ್ ಕಳಿಸಿ. ಐವತ್ತೇ ಸಂಪರ್ಕವಾಗಿದ್ದರೂ, ಐದೇ ಆಗಿದ್ದರೂ ಸ್ಪರ್ಧೆ ಮುಗಿದ ಐದು ದಿನದೊಳಗೆ ಕಳಿಸಿ. ನಿಮ್ಮ ಲಾಗ್ ಇನ್ನೊಬ್ಬರ ಲಾಗ್‌ಗೆ ಸಾಕ್ಷಿ. ಎಲ್ಲೋ ನಿಯಮ ಮುರಿದಿದ್ದೀರಿ ಎಂದು ಆಮೇಲೆ ತಿಳಿದರೆ, ವರ್ಗದ ಜಾಗದಲ್ಲಿ ಚೆಕ್‌ಲಾಗ್ ಎಂದು ಬರೆದು ಕಳಿಸಿ. ನಿಮಗೆ ಅಂಕ ಸಿಗುವುದಿಲ್ಲ. ನಿಮ್ಮೊಂದಿಗೆ ಮಾತಾಡಿದವರ ಅಂಕಗಳು ಮಾತ್ರ ಅವರವರಿಗೆ ಸಲ್ಲುತ್ತವೆ.